ಅರವತ್ತಮೂರು ಹೆಸರಿನ ಫೈಲು

ಶ್ಯಾಮಲಾ ಆಫೀಸಿನಲ್ಲಿ ಏನು ಕೆಲಸ ಮಾಡುತ್ತಾಳೆಂಬುದು ಎಂಟು ವರ್ಷವಾದರೂ ಅವಳ ಅತ್ತೆ ಪಿಳ್ಳಮ್ಮನಿಗೆ ಅರ್ಥವಾಗಿರಲಿಲ್ಲ. ಒಂದು ಭಾನುವಾರ ಹೂಡಿಯ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಾಗ ಶ್ಯಾಮಲಾ ಬಿಡಿಸಿ ಹೇಳಲು ನೋಡಿದ್ದಳು. ದೊಡ್ಡ ಕಂಪನಿಗಳಲ್ಲಿ ಬಿಲ್ಲು, ಪಟ್ಟಿ, ವರದಿಗಳನ್ನು ಈಗ ಯಾರೂ ಕೈಯಲ್ಲಿ ಮಾಡುವುದಿಲ್ಲ, ಕಂಪ್ಯೂಟರೇ ಹೊತ್ತಿಗೆ ಸರಿಯಾಗಿ ಒಂದರ ಹಿಂದೊಂದು ಮಾಡಿಕೊಂಡು ಹೋಗುತ್ತದೆ. ಯಾವುದು ಮುಗಿದ ಮೇಲೆ ಯಾವುದು ಶುರುವಾಗಬೇಕು ಎಂದು ಸಾಲು ಹಿಡಿದು ನಡೆಸುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇರುತ್ತದೆ. ಒಂದೊಂದು ಕೆಲಸಕ್ಕೂ ಜಾಬ್ ಎಂದು ಹೆಸರು. ಮುಗಿದದ್ದು ಪರದೆಯ ಮೇಲೆ ಹಸಿರಾಗುತ್ತದೆ, ಕೆಟ್ಟು ನಿಂತದ್ದು ಕೆಂಪಾಗುತ್ತದೆ. ಕೆಂಪನ್ನು ಹಸಿರು ಮಾಡುವುದು ತನ್ನ ಕೆಲಸ.

"ಅಂಗಾರೆ ಮಿಸೀನು ಗೇಯ್ತದೆ, ನೀನು ಕಾಯ್ಕೊಂಡು ಕುಂತಿರ್ತೀಯ," ಎಂದಳು ಪಿಳ್ಳಮ್ಮ.

"ಹೂಂ ಅತ್ತೆ, ಅಷ್ಟೇ."

ಕೆಲಸ ಮಾಡಲೇಬೇಕೆಂಬ ಅಗತ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿತ್ತು, ಮೂರರಲ್ಲಿ ಬಾಡಿಗೆಯವರಿದ್ದರು. ಶ್ಯಾಮಲಾ ಹೋಗುತ್ತಿದ್ದದ್ದು ತನಗೆ ಇಷ್ಟವಿತ್ತೆಂದು. ನಡೆದು ಹೋಗುವಷ್ಟು ದೂರದ ಟೆಕ್ ಪಾರ್ಕು, ನಾಲ್ಕನೇ ಮಹಡಿ, ಕಿಟಕಿಯ ಪಕ್ಕದ ಕುರ್ಚಿ. ಸಂಜೆ ಪಾಳಿ ಮುಗಿಸುವಾಗ ಪರದೆಯಲ್ಲಿ ಒಂದೂ ಕೆಂಪಿಲ್ಲದಿದ್ದರೆ ಅವಳಿಗೆ ಮನೆಯೆಲ್ಲ ಗುಡಿಸಿ ಒರೆಸಿದಂತೆ ಅನಿಸುತ್ತಿತ್ತು.

ಆ ಮಾರ್ಚಿನ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಜಾಬ್ ಕೆಂಪಾಯಿತು. ಅದು ಒಂದು ರೋಗಪರೀಕ್ಷೆಯ ಲ್ಯಾಬ್ ಕಂಪನಿಯದು. ಆ ಲ್ಯಾಬಿನವರು ಕಾರ್ಖಾನೆಗಳಲ್ಲಿ ಆರೋಗ್ಯ ತಪಾಸಣೆ ಕ್ಯಾಂಪು ನಡೆಸುತ್ತಿದ್ದರು. ಕ್ಯಾಂಪಿನ ಫಲಿತಾಂಶಗಳ ಫೈಲನ್ನು ಓದಿ, ಏನೂ ತೊಂದರೆಯಿಲ್ಲದವರಿಗೆ ಮೆಸೇಜು ಕಳಿಸಿ, ತೊಂದರೆ ಇದ್ದವರ ಹೆಸರನ್ನು ಫೋನ್ ಮಾಡುವ ವಿಭಾಗಕ್ಕೆ ದಾಟಿಸುವುದು ಆ ಜಾಬಿನ ಕೆಲಸ. ಯಾರದೋ ವಿಳಾಸದ ನಡುವೆ ಒಂದು ಅಲ್ಪವಿರಾಮ ಹೆಚ್ಚಾಗಿ ಬಿದ್ದಿತ್ತು. ಅಷ್ಟಕ್ಕೇ ಫೈಲು ಓದಲಾಗದೆ ಅದು ನಿಂತಿತು. ಅದರ ಹಿಂದೆ ಇನ್ನೂರಕ್ಕೂ ಹೆಚ್ಚು ಜಾಬ್‌ಗಳು ಸಾಲಾಗಿ ಕಾಯುತ್ತಿದ್ದವು. ಆಸ್ಪತ್ರೆಗಳಿಗೆ ಹನ್ನೊಂದಕ್ಕೆ ತಲುಪಬೇಕಾದ ಅವತ್ತಿನ ವರದಿಗಳೂ ಅವುಗಳಲ್ಲಿದ್ದವು.

ಟೀಮ್ ಲೀಡ್ ಶ್ರೀಧರ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವನು, ಒಳ್ಳೆಯವನೇ.

"ಮೇಡಂ, ಇದೊಂದನ್ನ ಫೋರ್ಸ್ ಓಕೆ ಮಾಡ್ಬಿಡಿ. ಲೈನ್ ಮುಂದೆ ಹೋಗ್ಲಿ. ಫೈಲ್ ಆಮೇಲೆ ಅವ್ರು ಸರಿ ಮಾಡ್ಕೊಳ್ತಾರೆ."

ಫೋರ್ಸ್ ಓಕೆ ಎಂದರೆ ಆಗದ ಕೆಲಸವನ್ನು ಆಯಿತು ಎಂದು ಒತ್ತುವುದು. ಸಾಫ್ಟ್‌ವೇರ್ ಅದನ್ನು ನಂಬಿ ಮುಂದಿನದಕ್ಕೆ ದಾರಿ ಬಿಡುತ್ತದೆ. ಶ್ಯಾಮಲಾ ಅಂಥದ್ದನ್ನು ತಿಂಗಳಿಗೆ ಹತ್ತಾದರೂ ಒತ್ತುತ್ತಿದ್ದಳು. ಅವತ್ತೂ ಒತ್ತಿದಳು. ಸಾಲು ಹರಿಯಿತು, ಹನ್ನೊಂದರೊಳಗೆ ಆಸ್ಪತ್ರೆಗಳಿಗೆ ವರದಿ ಹೋಯಿತು. ಅವಳು ನಿಯಮದಂತೆ ಲ್ಯಾಬಿನವರಿಗೆ ಒಂದು ದೂರಿನ ಟಿಕೆಟ್ ಬರೆದು ಹಾಕಿ, ಕ್ಯಾಂಟೀನಿಗೆ ಹೋಗಿ ಲೆಮನ್ ರೈಸ್ ತಿಂದು ಬಂದಳು.

ಎಂಟು ತಿಂಗಳು ಅದರ ನೆನಪೇ ಇರಲಿಲ್ಲ.

ನವೆಂಬರಿನಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಬದಲಾಗುವ ಕೆಲಸ ಶುರುವಾಯಿತು. ಹಿಂದೆ ಫೋರ್ಸ್ ಓಕೆ ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಕಥೆ ಏನಾಯಿತೆಂದು ಬರೆಯುವುದನ್ನು ಅವಳಿಗೆ ಒಪ್ಪಿಸಿದರು. ಮಾರ್ಚಿನ ಆ ಜಾಬಿನ ಮುಂದೆ ಬಂದಾಗ ಅವಳು ಟಿಕೆಟ್ ತೆರೆದು ನೋಡಿದಳು. ಅದು ತಲುಪಬೇಕಾದ ತಂಡವನ್ನು ಲ್ಯಾಬಿನವರು ಫೆಬ್ರವರಿಯಲ್ಲೇ ಇನ್ನೊಂದರ ಜೊತೆ ಸೇರಿಸಿದ್ದರು. ಯಾರೂ ಓದಿರಲಿಲ್ಲ. ಹದಿನಾಲ್ಕು ದಿನ ಉತ್ತರ ಬಾರದ ಟಿಕೆಟ್‌ಗಳನ್ನು ತಾನೇ ಮುಚ್ಚುವ ಜಾಬ್ ಒಂದಿದೆ, ಅದು ಇದನ್ನೂ ಮುಚ್ಚಿತ್ತು. ಆ ಜಾಬ್ ಪ್ರತಿದಿನ ತಪ್ಪದೆ ಹಸಿರಾಗುವುದನ್ನು ಶ್ಯಾಮಲಾ ಕಣ್ಣಾರೆ ನೋಡುತ್ತಿದ್ದಳು.

ಫೈಲು ಅಲ್ಲೇ ಇತ್ತು. ನಿಯಮದಂತೆ ಅವಳು ಅದನ್ನು ತೆರೆಯುವ ಹಾಗಿರಲಿಲ್ಲ, ಆದರೂ ತೆರೆದಳು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ನಡೆದ ಮಹಿಳೆಯರ ಕ್ಯಾಂಪು. ಅರವತ್ತಮೂರು ಹೆಸರು. ಅರವತ್ತೊಂದರ ಮುಂದೆ ಏನೂ ತೊಂದರೆಯಿಲ್ಲ ಎಂದಿತ್ತು. ಎರಡರ ಮುಂದೆ ತಕ್ಷಣ ಕರೆ ಮಾಡಿ ಎಂಬ ಗುರುತು. ಗರ್ಭಕೋಶದ ಬಾಯಿಯ ಪರೀಕ್ಷೆಯಲ್ಲಿ ಕ್ಯಾನ್ಸರಿನ ಬಲವಾದ ಅನುಮಾನ. ಒಬ್ಬಳು ಶಾಂತಿ, ಮೂವತ್ತೊಂಬತ್ತು ವರ್ಷ. ಇನ್ನೊಬ್ಬಳು ಹನುಮವ್ವ, ನಲವತ್ತನಾಲ್ಕು.

ಶ್ಯಾಮಲಾ ಎದ್ದು ಶ್ರೀಧರನ ಬಳಿಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಎಲ್ಲಿಗೂ ಮೇಲ್ ಹಾಕ್ಬೇಡಿ ಮೇಡಂ, ಪ್ಲೀಸ್. ನಾನು ಲ್ಯಾಬ್‌ನವ್ರ ಹತ್ರ ಮಾತಾಡ್ತೀನಿ. ಇವತ್ತೇ ಮತ್ತೆ ರನ್ ಮಾಡಿಸ್ತೀನಿ."

ಮಾತಿಗೆ ತಪ್ಪಲಿಲ್ಲ. ಅಲ್ಪವಿರಾಮ ತೆಗೆದು ಸಂಜೆಯೊಳಗೆ ಜಾಬ್ ಮತ್ತೆ ಓಡಿಸಿದರು. ಹಸಿರಾಯಿತು. ಶ್ಯಾಮಲಾ ಆ ರಾತ್ರಿ ಸ್ವಲ್ಪ ನಿದ್ದೆ ಮಾಡಿದಳು. ಮರುದಿನ ಬೆಳಿಗ್ಗೆ ಬಂದವಳೇ ಫೋನ್ ವಿಭಾಗಕ್ಕೆ ದಾಟಿದ ಪಟ್ಟಿ ನೋಡಿದರೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ತೊಂಬತ್ತು ದಿನಕ್ಕಿಂತ ಹಳೆಯ ಫಲಿತಾಂಶಗಳನ್ನು ಕೈಬಿಡಬೇಕೆಂದು ಅಲ್ಲಿ ಯಾರೋ ಎಂದೋ ಒಂದು ನಿಯಮ ಬರೆದಿಟ್ಟಿದ್ದರು. ಅರವತ್ತೊಂದು ಜನರಿಗೆ ನೀವು ಆರೋಗ್ಯವಾಗಿದ್ದೀರಿ ಎಂಬ ಮೆಸೇಜು ಹೋಗಿತ್ತು. ಆ ಇಬ್ಬರಿಗೆ ಏನೂ ಹೋಗಿರಲಿಲ್ಲ.

"ಶ್ರೀಧರ್, ಕಾಲ್ ಹೋಗಿಲ್ಲ."

"ಜಾಬ್ ಸಕ್ಸೆಸ್ ಆಗಿದ್ಯಲ್ಲ ಮೇಡಂ."

"ಆಗಿದೆ. ಕಾಲ್ ಹೋಗಿಲ್ಲ ಅಂತಿದೀನಿ."

ಅವನು ತಲೆ ತಗ್ಗಿಸಿ ಕೀಬೋರ್ಡನ್ನೇ ನೋಡಿದ. "ನಮ್ಮ ಕಡೆ ಮುಗೀತು ಮೇಡಂ. ಇನ್ನು ಅವರದ್ದು. ನಾನು ಹೇಳಿದೀನಿ, ನೋಡ್ತೀವಿ ಅಂದಿದಾರೆ."

ಎರಡು ದಿನ ಕಾದಳು. ಯಾರೂ ನೋಡಲಿಲ್ಲ. ಮೂರನೇ ದಿನ ಎರಡು ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಬೆಂಕಿ ಬಿದ್ದರೆ ಇಳಿಯಲೆಂದು ಇರುವ ಮೆಟ್ಟಿಲಿನ ಹತ್ತಿರ ನಿಂತು ಫೋನ್ ಮಾಡಿದಳು.

ಶಾಂತಿ ಎತ್ತಿದಳು. ಬೇಸಿಗೆಯಲ್ಲೇ ಬೇರೆ ಕಡೆ ತೋರಿಸಿ ಆಪರೇಷನ್ ಆಯಿತೆಂದಳು. "ಈಗ ಫೋನ್ ಮಾಡ್ತಿದೀರಲ್ಲಮ್ಮ, ನಿಮ್ಗೆ ನಾಚ್ಕೆ ಆಗಲ್ವಾ? ನಮ್ಮಕ್ಕ ಬಲವಂತ ಮಾಡಿ ಕರ್ಕೊಂಡು ಹೋಗದಿದ್ರೆ ಇವತ್ತು ಮಾತಾಡಕ್ಕೆ ನಾನೇ ಇರ್ತಿರ್ಲಿಲ್ಲ." ಅಷ್ಟು ಹೇಳಿ ಫೋನ್ ಕಟ್ ಮಾಡಿದಳು. ಶ್ಯಾಮಲಾ ಬೈಗುಳ ಕೇಳಿಯೂ ಆ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟಳು. ಒಬ್ಬಳು ಬದುಕಿದ್ದಾಳೆ.

ಎರಡನೆಯ ನಂಬರಿನಿಂದ ಕೇಳಿಸಿದ್ದು ಒಂದು ಹುಡುಗಿಯ ದನಿ.

"ಅವ್ವ ಮಲಗ್ಯಾಳ್ರಿ. ನೀವ್ಯಾರು?"

"ನಾನು... ಮಾರ್ಚಲ್ಲಿ ಫ್ಯಾಕ್ಟರೀಲಿ ಒಂದು ಕ್ಯಾಂಪ್ ಆಗಿತ್ತಲ್ಲಮ್ಮ. ಅದರ ಬಗ್ಗೆ. ಅಮ್ಮ ಹೇಗಿದಾರೆ?"

ಹುಡುಗಿ ದನಿ ತಗ್ಗಿಸಿ, "ಆರಾಮಿಲ್ರಿ," ಎಂದಳು. ಶ್ಯಾಮಲಾ ಮನೆಯ ವಿಳಾಸ ಕೇಳಿದಳು.

ಶನಿವಾರ ಹೊರಟಾಗ ಗಂಡ ಬಾಗಿಲಿಗೆ ಬಂದು ತಡೆದ. "ಹೋಗಿ ಏನಂತ ಹೇಳ್ತೀಯ? ನೀನೇನು ಡಾಕ್ಟ್ರಾ? ಸುಮ್ನೆ ಮೈಮೇಲೆ ಎಳ್ಕೊಬೇಡ ಕಣೆ."

"ಏನ್ ಹೇಳ್ತೀನೋ ಗೊತ್ತಿಲ್ಲ," ಎಂದು ಅವಳು ಮೆಟ್ರೋ ಹತ್ತಿದಳು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಪೀಣ್ಯದಲ್ಲಿ ಇಳಿದು ಆಟೋ ಹಿಡಿದಾಗ ಹನ್ನೊಂದು ಗಂಟೆ. ರಾಜಗೋಪಾಲನಗರದ ಆ ಬೀದಿಯಲ್ಲಿ ಒಂದೇ ಕಟ್ಟಡದಲ್ಲಿ ಸಾಲಾಗಿ ಹತ್ತು ಹನ್ನೆರಡು ಕೋಣೆಗಳು, ಪ್ರತಿ ಬಾಗಿಲ ಮುಂದೆ ಒಂದೊಂದು ನೀಲಿ ಡ್ರಮ್ಮು. ಕೊನೆಯ ಕೋಣೆಯ ಹೊಸ್ತಿಲಲ್ಲಿ ಹನುಮವ್ವನ ಗಂಡ ಗದಿಗೆಪ್ಪ ಕೂತಿದ್ದ. ಕಬ್ಬಿಣದ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅವನ ಕೆಲಸ. ತೊಳೆದರೂ ಹೋಗದ ಬಣ್ಣ ಉಗುರಿನ ಸಂದಿಯಲ್ಲಿ ಕೂತಿತ್ತು. ಮದುವೆಯಾದ ವರ್ಷವೇ ಕುಷ್ಟಗಿ ಕಡೆಯಿಂದ ಇಬ್ಬರೂ ಇಲ್ಲಿಗೆ ಬಂದವರಂತೆ.

"ಬರ್ರಿ ಒಳಗ. ಕ್ಯಾಂಪಿನ ಮೇಡಂ ಬರ್ತಾರಂತ ಮಗಳು ಹೇಳಿದ್ಳು."

ಒಳಗೆ ಹನುಮವ್ವ ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಮೈ ಕರಗಿ ಹೋಗಿ ಬಳೆಗಳು ಮೊಣಕೈವರೆಗೂ ಸರಿಯುತ್ತಿದ್ದವು. ಪಿಯುಸಿ ಓದುವ ಮಗಳು ಸುಮಂಗಲಾ ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲಿ ನಿಂತಳು. ಬಿಡಿಬಿಡಿಯಾಗಿ ಹೇಳಿದವಳು ಹನುಮವ್ವನೇ. ಬೇಸಿಗೆಯಿಂದ ರಕ್ತ ಹೋಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸಲ್ಲವೇ ಎಂದು ಸುಮ್ಮನಾದಳು. ಸೊಂಟ ನೋಯುತ್ತಿತ್ತು. ದಿನವಿಡೀ ಮಿಷಿನ್ ಮುಂದೆ ಕೂತರೆ ಯಾರಿಗೆ ನೋಯುವುದಿಲ್ಲ ಎಂದುಕೊಂಡಳು. ಅಕ್ಟೋಬರಿನಲ್ಲಿ ಕೆಲಸದ ಜಾಗದಲ್ಲೇ ಬಿದ್ದಾಗ ಸರ್ಕಾರಿ ದೊಡ್ಡಾಸ್ಪತ್ರೆಗೆ ಒಯ್ದರು. ಮೂತ್ರಕೋಶದವರೆಗೂ ಹಬ್ಬಿದೆ, ಇನ್ನು ನೋವಿಗಷ್ಟೇ ಔಷಧ ಎಂದರು ಅಲ್ಲಿಯ ಡಾಕ್ಟರು.

"ಮೊದಲಽ ತೋರಿಸ್ಬೇಕಿತ್ತು ಅಂತ ಬೈದ್ರು ಡಾಕ್ಟರು," ಎಂದಳು ಹನುಮವ್ವ. "ಕ್ಯಾಂಪಿನ್ಯಾಗ ತೋರಿಸೀನ್ರಿ ಅಂದೆ. ಏನರ ಇದ್ರ ನಾವಽ ಫೋನ್ ಮಾಡ್ತೀವಿ, ಬರ್ಲಿಲ್ಲಂದ್ರ ಆರಾಮ ಅದೀರಿ ಅಂತ ತಿಳ್ಕೋರಿ ಅಂದಿದ್ರು. ಹದಿನೈದು ದಿನ ಫೋನ್ ಉಡಿಯಾಗ ಇಟ್ಕೊಂಡಽ ಹೊಲಿಗಿ ಹಾಕೀನಿ, ಸೂಪರ್‌ವೈಸರ್ ಕಡೆ ಬೈಸ್ಕೊಂಡೀನಿ. ಬರ್ಲಿಲ್ಲ. ಪಾರಾದೆ ಅಂತ ಹನುಮಪ್ಪಗ ಕಾಯಿ ಒಡಸಿದೆ."

ಶ್ಯಾಮಲಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಫೋನ್ ಬರಬೇಕಿತ್ತಮ್ಮ," ಎಂದಳು. "ಮಾರ್ಚಲ್ಲೇ ಬರಬೇಕಿತ್ತು. ರಿಪೋರ್ಟಲ್ಲಿ ಇತ್ತು. ಕಂಪ್ಯೂಟರಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತುಹೋಯ್ತು. ಅದನ್ನ ಸರಿ ಮಾಡದೆ, ಆಯ್ತು ಅಂತ ಒತ್ತಿದ್ದು ನಾನೇ."

ಗದಿಗೆಪ್ಪನಿಗೆ ತಿಳಿಯಲಿಲ್ಲ. "ಒತ್ತಿದ್ದು ಅಂದ್ರ? ಏನ್ ಒತ್ತಿದ್ರಿ?"

ಅವಳು ಮತ್ತೆ ಹೇಳಿದಳು. ಸಾಲು, ಕೆಂಪು, ಹಸಿರು, ಹಿಂದೆ ಕಾಯುತ್ತಿದ್ದ ಆಸ್ಪತ್ರೆಯ ವರದಿಗಳು. ಹೇಳುತ್ತ ಹೇಳುತ್ತ ಆ ಮಾತು ತನ್ನ ಕಿವಿಗೇ ಹುಚ್ಚರ ಮಾತಿನಂತೆ ಕೇಳಿಸಿತು. ಅರ್ಥ ಮಾಡಿಕೊಂಡವಳು ಸುಮಂಗಲಾ.

"ಅಂದ್ರ ನಮ್ಮವ್ವನ ರಿಪೋರ್ಟ್ ಎಂಟ್ ತಿಂಗಳು ನಿಮ್ಮ ಕಂಪ್ಯೂಟರಿನ್ಯಾಗಽ ಇತ್ತು?"

"ಇತ್ತಮ್ಮ."

"ಯಾರೂ ತಗದು ನೋಡ್ಲಿಲ್ಲ?"

"ಇಲ್ಲ."

ಹನುಮವ್ವ ನಿಧಾನವಾಗಿ ಕೇಳಿದಳು. "ನನ್ನ ಹೆಸರು ಸರಿ ಬರದಿದ್ರೇನ್ರಿ ಅದರಾಗ? ಫ್ಯಾಕ್ಟರಿ ಕಾರ್ಡಿನ್ಯಾಗ ಹನುಮಂತವ್ವ ಅಂತ ತಪ್ಪು ಬರದಾರ. ಸರಿ ಮಾಡಸ್ಕೋ ಅಂತ ಇವ್ರು ಹೇಳಿದ್ರೂ ನಾ ಮಾಡಸ್ಕೊಳ್ಳಲಿಲ್ಲ. ಅದಕ್ಕಽ ಫೋನ್ ಬರ್ಲಿಲ್ಲೇನೋ, ನಂದಽ ತಪ್ಪೇನೋ ಅಂತ ಮಲಗಿದಾಗೆಲ್ಲ ಅನ್ಕೋತಿದ್ದೆ."

"ಸರಿಯಾಗೇ ಇತ್ತಮ್ಮ. ಹನುಮವ್ವ ಅಂತಾನೇ ಇತ್ತು."

"ಹಂಗಾರ ನಂದಲ್ಲ," ಎಂದಳು ಹನುಮವ್ವ. ಕಣ್ಣು ಮುಚ್ಚಿಕೊಂಡಳು. ಶ್ಯಾಮಲಾ ಅಲ್ಲಿಯವರೆಗೆ ತಡೆದಿದ್ದಳು, ಆಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಮನೆಯವರು ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಗದಿಗೆಪ್ಪ ಹೊಸ್ತಿಲಾಚೆ ನೋಡುತ್ತ ನಿಂತಿದ್ದ.

"ಹೋಗ್ರಿ ಮೇಡಂ," ಎಂದ ಕೊನೆಗೆ. "ಸಿಟ್ಟಿಗಿ ಹೇಳಾಕತ್ತಿಲ್ಲ. ಆಕಿ ಮಲಗ್ಲಿ."

ಬಾಗಿಲ ಹೊರಗೆ ಸುಮಂಗಲಾ ಹಿಂದೆಯೇ ಬಂದಳು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. "ನೀವು ಹೇಳಿದ್ದನ್ನ ಬರದು ಕೊಡ್ರಿ. ನಾವು ಹೇಳಿದ್ರ ಯಾರು ನಂಬ್ತಾರ?"

ಶ್ಯಾಮಲಾ ನೀಲಿ ಡ್ರಮ್ಮಿನ ಮುಚ್ಚಳದ ಮೇಲೆ ಪುಸ್ತಕವಿಟ್ಟು ನಿಂತಲ್ಲೇ ಬರೆದಳು. ತಾರೀಖು, ಹೊತ್ತು, ಫೈಲಿನಲ್ಲಿದ್ದದ್ದು, ಒತ್ತಿದ್ದು. ನಾನು ಒತ್ತಿದೆ ಎಂದು ಬರೆದಳು. ಶ್ರೀಧರ್ ಹೇಳಿದ ಎಂದು ಬರೆಯಲು ಪೆನ್ನು ಮುಂದೆ ಹೋಗಲಿಲ್ಲ. ಬೆರಳು ಅವನದಾಗಿರಲಿಲ್ಲ. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದಳು.

ಆ ಹಾಳೆ ಗಾರ್ಮೆಂಟ್ಸಿನ ಆಫೀಸಿಗೆ ಹೋಯಿತು, ಅಲ್ಲಿಂದ ಲ್ಯಾಬಿಗೆ, ಲ್ಯಾಬಿನಿಂದ ಶ್ಯಾಮಲಾಳ ಕಂಪನಿಗೆ. ಎರಡು ವಾರದೊಳಗೆ ಅವಳನ್ನು ಒಂದು ಗಾಜಿನ ಕೋಣೆಗೆ ಕರೆದರು. ಅವಳಿಗೆ ಪರಿಚಯವಿಲ್ಲದ ಇಬ್ಬರು, ಮತ್ತು ಶ್ರೀಧರ್. ರೋಗಿಗಳ ಖಾಸಗಿ ಮಾಹಿತಿ ತೆರೆದು ನೋಡಿದ್ದು, ಹೊರಗೆ ಒಯ್ದದ್ದು, ಅನುಮತಿಯಿಲ್ಲದೆ ಕಂಪನಿಯ ಪರವಾಗಿ ಬರೆದು ಕೊಟ್ಟದ್ದು ಎಂದು ಮೂರು ತಪ್ಪು ಓದಿದರು. ಫೋರ್ಸ್ ಓಕೆಯ ಮಾತು ಅದರಲ್ಲಿ ಇರಲಿಲ್ಲ.

"ಆ ತೊಂಬತ್ತು ದಿನದ ನಿಯಮ ಇನ್ನೂ ಹಾಗೇ ಇದೆ," ಎಂದಳು ಶ್ಯಾಮಲಾ. "ಅದನ್ನಾದ್ರೂ ತೆಗೆಸಿ."

"ಅದು ಈ ಮೀಟಿಂಗಿನ ವಿಷಯ ಅಲ್ಲ ಮೇಡಂ," ಎಂದರು ಇಬ್ಬರಲ್ಲಿ ಒಬ್ಬರು.

ಗುರುತಿನ ಕಾರ್ಡು ಒಪ್ಪಿಸಿ ಇಳಿಯುವಾಗ ಲಿಫ್ಟಿನಲ್ಲಿ ಶ್ರೀಧರ್ ಜೊತೆಗೆ ಬಂದ. "ನನ್ನ ಹೆಸರು ಬರೀಲಿಲ್ಲ ನೀವು," ಎಂದ ನೆಲಮಹಡಿಯಲ್ಲಿ ಬಾಗಿಲು ತೆರೆದಾಗ. "ನಾನು ಬಾಯಿ ಬಿಡ್ಬೇಕಿತ್ತು ಮೇಡಂ. ಆಗ್ಲಿಲ್ಲ." ಅವಳು ಗೇಟಿನ ಕಡೆ ನಡೆದಳು.

ಮನೆಯಲ್ಲಿ ಯಾರೂ ಬೈಯಲಿಲ್ಲ. "ಓಗ್ಲಿ ಬುಡಮ್ಮಿ, ಬಾಡ್ಗೆ ಬತ್ತದೆ. ನಿಂಗ್ಯಾಕೆ ಬೇಕಿತ್ತು ಆ ಗೇಮೆ," ಎಂದು ಪಿಳ್ಳಮ್ಮ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಕೆಲಸ ಹೋದರೂ ತನ್ನ ಮನೆಯಲ್ಲಿ ಒಂದು ದಿನದ ಅಡುಗೆಯೂ ತಪ್ಪಲಿಲ್ಲವೆಂಬುದು ಶ್ಯಾಮಲಾಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಅವಳಿಗೆ ಶಿಕ್ಷೆಯೆಂಬುದೇ ಆಗಿರಲಿಲ್ಲ.

ಡಿಸೆಂಬರಿನಲ್ಲಿ ಸುಮಂಗಲಾ ಒಂದು ಕಾಗದದ ಫೋಟೋ ಕಳಿಸಿದಳು. ಲ್ಯಾಬಿನವರ ಉತ್ತರ. ಸಂಬಂಧಪಟ್ಟ ನೌಕರರೇ ಲಿಖಿತವಾಗಿ ತಪ್ಪೊಪ್ಪಿಕೊಂಡಿದ್ದು ಅವರನ್ನು ಕೆಲಸದಿಂದ ತೆಗೆಯಲಾಗಿದೆ, ಆದ್ದರಿಂದ ಈ ದೂರಿನಲ್ಲಿ ಮುಂದಿನ ಕ್ರಮದ ಅಗತ್ಯವಿಲ್ಲ ಎಂದಿತ್ತು. ಶ್ಯಾಮಲಾ ಅದನ್ನು ನಾಲ್ಕು ಸಲ ಓದಿದಳು. ಆ ಕುಟುಂಬಕ್ಕೆ ಆಸರೆಯಾಗಲೆಂದು ಕೊಟ್ಟ ಹಾಳೆಯೇ ಅವರ ದೂರನ್ನು ಮುಗಿಸುವುದಕ್ಕೆ ಒದಗಿತ್ತು. ಕೂಡಲೇ ಫೋನ್ ಮಾಡಿದಳು. ಸುಮಂಗಲಾ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ವಾರ ತಡೆಯಲಾರದೆ ಮತ್ತೆ ರಾಜಗೋಪಾಲನಗರಕ್ಕೆ ಹೋದಳು. ಕೊನೆಯ ಕೋಣೆಯ ಮುಂದೆ ಬೇರೆ ಯಾರದೋ ಮಗು ಆಡುತ್ತಿತ್ತು. ಪಕ್ಕದ ಕೋಣೆಯ ಹೆಂಗಸು ಒಗೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದು ಬಂದಳು.

"ಹನುಮಕ್ಕ ಹೋಗಿ ಹದಿನೆಂಟು ದಿನ ಆತ್ರಿ. ಮಣ್ಣು ಊರಾಗ ಆತು. ಗದಿಗೆಪ್ಪಣ್ಣ ತಿರುಗಿ ಬರ್ಲೇ ಇಲ್ಲ, ಊರಾಗಽ ಕುಂತಾನಂತ. ಹುಡುಗಿ ಒಬ್ಬಾಕಿ ಬಂದಾಳ. ಅವ್ವನ ಫ್ಯಾಕ್ಟರಿಗೇ ಹೊಂಟಾಳ ಈಗ. ಆರಕ್ಕ ಬಿಡತೈತಿ."

ಪೀಣ್ಯದ ಆ ಗೇಟಿನೆದುರು ಶ್ಯಾಮಲಾ ಲಾರಿಗಳ ಧೂಳಿನಲ್ಲಿ ಕಾದು ನಿಂತಳು. ಆರಕ್ಕೆ ಸೈರನ್ನಾಗಿ ಹೆಂಗಸರು ಗುಂಪು ಗುಂಪಾಗಿ ಹೊರಬಿದ್ದರು. ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡ ಸುಮಂಗಲಾ ಅವಳನ್ನು ದೂರದಿಂದಲೇ ಕಂಡಳು. ತಪ್ಪಿಸಿಕೊಳ್ಳಲಿಲ್ಲ, ನೇರ ಬಂದು ನಿಂತಳು. ಎರಡು ತಿಂಗಳಲ್ಲಿ ಆ ಮುಖದಿಂದ ಓದುವ ಹುಡುಗಿಯ ಕಳೆ ಹೋಗಿತ್ತು.

"ಕಾಲೇಜು?" ಎಂದಳು ಶ್ಯಾಮಲಾ.

"ಬಿಟ್ಟೆ."

"ನಾನು ಕಟ್ತೀನಮ್ಮ. ಪರೀಕ್ಷೆಗೆ ಇನ್ನೂ ಟೈಮಿದೆ. ನಮ್ಮನೇಲಿ ಬಂದಿರು, ಕೋಣೆ ಇದೆ..."

"ಬ್ಯಾಡ್ರಿ." ಹುಡುಗಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಕಡೀಗೆ ಮೂರು ದಿನ ಅವ್ವ ಭಾಳ ಒದ್ದಾಡಿದ್ಳು. ನೀರೂ ಇಳೀಲಿಲ್ಲ. ನಿಮ್ಮ ಹೆಸರು ತಗದ್ಳು ಒಮ್ಮೆ. ಆ ಮೇಡಂ ಅಷ್ಟು ದೂರದಿಂದ ಬಂದಿದ್ರು, ಒಂದ್ ಕಪ್ ಚಾ ಸೈತ ಕೊಡ್ಲಿಲ್ಲ ನಾವು ಅಂದ್ಳು."

ಶ್ಯಾಮಲಾ ಅವಳ ಕೈ ಹಿಡಿಯಲು ಹೋದಳು. ಸುಮಂಗಲಾ ಹಿಂದೆ ಸರಿದಳು.

"ಅವ್ವ ನಿಮಗ ಬೈಲಿಲ್ರಿ. ನಾ ಬೈತೀನಿ. ದಿನಾ ಮಿಷಿನ್ ಮುಂದ ಕುಂತಾಗ ಬೈತೀನಿ. ಮತ್ತ ಬರಬ್ಯಾಡ್ರಿ, ನಿಮ್ಮ ಮುಖ ನೋಡಿದ್ರ ಬೈಯಾಕ ಆಗಂಗಿಲ್ಲ. ನನಗ ಅದೊಂದಽ ಉಳದೈತಿ."

ಜೊತೆಯ ಹೆಂಗಸರು ಮುಂದೆ ಹೋಗಿ ಕೂಗಿ ಕರೆಯುತ್ತಿದ್ದರು. ಸುಮಂಗಲಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಅವರ ಕಡೆ ಬಿರಬಿರನೆ ನಡೆದಳು. ಶ್ಯಾಮಲಾ ಗೇಟಿನ ಬಳಿ ಇನ್ನೂ ಬಹಳ ಹೊತ್ತು ನಿಂತಿದ್ದಳು. ಎರಡನೇ ಪಾಳಿಯವರೆಲ್ಲ ಒಳಗೆ ಹೋದ ಮೇಲೆ ಕಾವಲಿನವನು ಬಂದು, "ಯಾರು ಬೇಕಿತ್ತು ಅಕ್ಕಾ?" ಎಂದು ಕೇಳಿದ.

"ಯಾರೂ ಇಲ್ಲಪ್ಪ," ಎಂದು ಅವಳು ರಸ್ತೆ ದಾಟಿದಳು.